ಬಟ್ಟಲ ನೊರೆ, ಕೆನ್ನೆಯ ನೊರೆ

ಮೊದಲು ನಮ್ಮ ಕನ್ನಪ್ಪಣ್ಣನ ಮನೆಯವರಾದ ಕೆರಿಯಮ್ಮ ಅತ್ತಿಗೆಯವರಿಗೆ ನಮಸ್ಕಾರ. ಸಾಗರದಿಂದ, ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಬಂದಿರುವ ನಮ್ಮ ಕ್ಷೌರಿಕ ಬಂಧುಗಳೇ, ಹೊಸನಗರದ ಹಿರಿಯರೇ, ನಮ್ಮ ಗಿರಾಕಿಗಳೇ — ಎಲ್ಲರಿಗೂ ನಮಸ್ಕಾರ. ಇವತ್ತು ಮಂಗಳವಾರ, ಅಂಗಡಿಗೆ ರಜೆ. ವಾರದಲ್ಲಿ ಈ ಒಂದು ದಿನವಾದರೂ ಕನ್ನಪ್ಪಣ್ಣನ ಮುಖ ನೋಡುವ ಕಷ್ಟ ನನಗೆ ಇರುತ್ತಿರಲಿಲ್ಲ. ಈಗ ನೋಡಿ — ರಜೆಯ ದಿನವೂ ಹಾರ ಹಾಕಿಸಿಕೊಂಡು ಫೋಟೋದಲ್ಲಿ ಕುಳಿತಿದ್ದಾನೆ.

ಹೋದವರ ಬಗ್ಗೆ ಒಳ್ಳೆಯ ಮಾತು ಆಡಬೇಕು ಎಂದು ಸಂಘದ ಅಧ್ಯಕ್ಷರು ನನಗೆ ಹೇಳಿದ್ದಾರೆ. ಆಡೋಣ. ಆದರೆ ಒಂದೇ ಅಂಗಡಿಯಲ್ಲಿ, ಒಂದೇ ಕನ್ನಡಿಯ ಮುಂದೆ, ಪಕ್ಕದ ಕುರ್ಚಿಯಲ್ಲಿ ಇಷ್ಟು ವರ್ಷ ಅವನ ಜೊತೆ ಕೆಲಸ ಮಾಡಿದ ಸುಬ್ಬಪ್ಪ ನಾನು. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ. ಸಿಟ್ಟು ಇಟ್ಟುಕೊಂಡೇ ಮಾತಾಡುತ್ತೇನೆ, ಅತ್ತಿಗೆ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನಮ್ಮಿಬ್ಬರ ಜಗಳ ಊರಿಗೇ ಗೊತ್ತು. ಆಸ್ತಿಯ ಜಗಳ ಅಲ್ಲ, ನೊರೆಯ ಜಗಳ! ಗಡ್ಡಕ್ಕೆ ಹಚ್ಚುವ ಸೋಪಿನ ನೊರೆಯನ್ನು ಎಲ್ಲಿ ಎಬ್ಬಿಸಬೇಕು ಅಂತ. ನಾನು ಸಾಗರದವರ ಹಾಗೆ ಬಟ್ಟಲಿನಲ್ಲಿ ಎಬ್ಬಿಸುವವನು. ಸ್ವಲ್ಪ ಸೋಪು, ಸ್ವಲ್ಪ ಬಿಸಿನೀರು, ಬ್ರಷ್ಷನ್ನು ಹೀಗೆ — ಹೀಗೆ — ಗರಗರ ತಿರುಗಿಸಿದರೆ ನೊರೆ ಬಟ್ಟಲ ಬಾಯಿಗೆ ಬರುತ್ತದೆ. ಬಳಿ, ಕತ್ತಿ ಎಳೆ, ಮುಗಿಯಿತು. ತೀರ್ಥಹಳ್ಳಿ ಕಡೆಯವರು ಕೆಲವರು ಅಂಗೈಯಲ್ಲೇ ಎಬ್ಬಿಸುತ್ತಾರೆ. ಎಬ್ಬಿಸಲಿ, ಅದಕ್ಕೂ ಒಂದು ಮುಗಿಯುವುದು ಅಂತ ಇದೆ. ಕನ್ನಪ್ಪಣ್ಣನಿಗೆ ಬಟ್ಟಲೂ ಬೇಡ, ಅಂಗೈಯೂ ಬೇಡ. ಮೊದಲು ಗಿರಾಕಿಯ ಎರಡೂ ಕೆನ್ನೆಯ ಮೇಲೆ ಕೈ ಇಡುವುದು — ಹೀಗೆ. ಇಟ್ಟು ಸುಮ್ಮನೆ ನಿಲ್ಲುವುದು. ಏನು ಮಂತ್ರ ಹಾಕುತ್ತಿದ್ದನೋ ದೇವರೇ ಬಲ್ಲ! ಆಮೇಲೆ ಕೆನ್ನೆ ಒದ್ದೆ ಮಾಡಿ, ಸೋಪಿನ ಕಡ್ಡಿಯನ್ನು ಗಡ್ಡದ ಮೇಲೇ ತಿಕ್ಕಿ, ಬ್ರಷ್ಷಿನಲ್ಲಿ ಸುತ್ತು — ಸುತ್ತು — ಸುತ್ತು. ಅಷ್ಟರಲ್ಲಿ ನನ್ನ ಗಿರಾಕಿ ಮುಗಿಸಿ, ಕಾಫಿ ಕುಡಿದು, ಮನೆ ಸೇರಿರುತ್ತಿದ್ದ.

"ಬಟ್ಟಲಿಗೆ ಗಡ್ಡ ಬೆಳ್ದದ್ಯಾ ಮಾರಾಯ? ನೊರೆ ಏಳೋದು ಮುಖದ ಬಿಸಿಗೆ," ಎನ್ನುತ್ತಿದ್ದ.

"ಬಿಸಿ ಬೇಕಿದ್ರೆ ಬಿಸಿನೀರಿಲ್ವಾ?" ಎಂದರೆ, "ನೀರಿನ ಬಿಸಿ ಬೇರೆ, ಮನ್ಷನ ಬಿಸಿ ಬೇರೆ." ಇಂಥವನ ಹತ್ತಿರ ಏನು ಮಾತಾಡುತ್ತೀರಿ?

ಸಾಗರದ ಬಸ್ಸಿನ ಕಂಡಕ್ಟರ್ ಮಂಜಯ್ಯ ಅಲ್ಲಿ ಹಿಂದೆ ನಿಂತಿದ್ದಾರೆ. ಅವರನ್ನೇ ಕೇಳಿ. ಒಂದು ಕೆನ್ನೆ ಆಗಿದೆ, ಇನ್ನೊಂದರ ಮೇಲೆ ನೊರೆ ಏಳುತ್ತಾ ಇದೆ, ಡ್ರೈವರು ಹಾರನ್ ಹೊಡೆದೇ ಹೊಡೆದ. ಈ ಮನುಷ್ಯ ಅಲ್ಲಾಡಬೇಕಲ್ಲ! ಕೊನೆಗೆ ಮಂಜಯ್ಯ ನೊರೆ ಸಮೇತ ಓಡಿಹೋಗಿ ಬಸ್ಸು ಹತ್ತಿ, ಹಾಗೇ ಟಿಕೆಟು ಹರಿದರು. ಉಳಿದ ಕೆನ್ನೆಯನ್ನು ಸಾಗರದಲ್ಲಿ ಮಾಡಿಸಿದರು. ಮಾಡಿದವರೂ ಇಲ್ಲೇ ಇದ್ದಾರೆ — ನಗಬೇಡಿ, ನಿಮಗೇ ಹೇಳುವುದು. ಮರುದಿನ ಮಂಜಯ್ಯ ಬಂದರೆ ಕನ್ನಪ್ಪಣ್ಣ ಎರಡೂ ಕೆನ್ನೆ ಸವರಿ ನೋಡಿ, "ಇದು ಸಾಗರದ್ದು, ಇದಕ್ಕೆ ಬಿಸಿ ಹಿಡ್ದಿಲ್ಲ," ಎಂದು ಆ ಕಡೆ ಮಾತ್ರ ಮತ್ತೆ ನೊರೆ ಹಾಕಿದ. ಬಸ್ಸು ಮತ್ತೆ ತಡ!

ಇನ್ನೊಂದು ಕಾಟ. ಕೆನ್ನೆಯ ಮೇಲೆ ಕೈ ಇಟ್ಟ ಕೂಡಲೇ, "ನಿಂಗೆ ಜ್ವರ ಬರ್ತಾ ಇದೆ. ಮನೆಗೆ ಹೋಗಿ ಕಂಬಳಿ ಹೊದ್ದು ಮಲ್ಕ," ಎಂದು ಗಿರಾಕಿಯನ್ನು ಎಬ್ಬಿಸಿ ಕಳಿಸುತ್ತಿದ್ದ. ಕುರ್ಚಿಗೆ ಬಂದ ಗಿರಾಕಿಯನ್ನು ಗಡ್ಡ ಸಮೇತ ವಾಪಸು ಕಳಿಸುವ ಅಂಗಡಿ ಎಲ್ಲಾದರೂ ಉಂಟೇ? ಸಂಜೆಗೆ ಆ ಗಿರಾಕಿಗೆ ಜ್ವರ ಬಂದೇ ಬರುತ್ತಿತ್ತು, ಅದು ಬೇರೆ ಮಾತು. ನನ್ನ ಕುರ್ಚಿ ಖಾಲಿ ಇದ್ದರೂ ಜನ ಕನ್ನಪ್ಪಣ್ಣನ ಕುರ್ಚಿಗೇ ಕಾಯುತ್ತಾ ಬೆಂಚಿನ ಮೇಲೆ ಕೂತಿರುತ್ತಿದ್ದರು. ನೀವೇ ಕೂತಿದ್ದಿರಿ. ಯಾರು ಯಾರು ಅಂತ ಈಗ ಹೆಸರು ಹೇಳುವುದಿಲ್ಲ.

ಈ ಆಷಾಢದಲ್ಲಿ ಒಂದು ಬೆಳಿಗ್ಗೆ ಕನ್ನಪ್ಪಣ್ಣ ಅಂಗಡಿ ತೆಗೆದು, ಕನ್ನಡಿ ಮುಂದೆ ತನ್ನ ಗಡ್ಡ ತಾನೇ ಮಾಡಿಕೊಳ್ಳುತ್ತಿದ್ದ. ಕೆನ್ನೆಯ ಮೇಲೆ ಕೈ ಇಟ್ಟುಕೊಂಡ, ಸೋಪು ತಿಕ್ಕಿದ, ಬ್ರಷ್ಷು ಆಡಿಸಿದ. ಆಡಿಸುವಷ್ಟರಲ್ಲಿ ನೊರೆ ಕಿವಿಯವರೆಗೆ ಎದ್ದು ನಿಂತಿತು.

"ನೋಡಾ ಸುಬ್ಬಪ್ಪ! ಇವತ್ತು ನೊರೆ ಹ್ಯಾಂಗೆ ಎದ್ದದೆ! ಈಗಾದ್ರೂ ಒಪ್ಪಿಕೊಳ್ತೀಯಾ?"

ನಾನು ಒಪ್ಪಲಿಲ್ಲ. ಅವನಿಗೆ ಆ ದಿನವೆಲ್ಲ ಹಬ್ಬ. ಬಂದವರಿಗೆಲ್ಲ ಅದೇ ಸುದ್ದಿ. ಸಂಜೆ ಕತ್ತಿ ಒರೆಸುವಾಗ ಅಲ್ಲೇ ಕುಸಿದು ಕೂತ. ಹಿಡಿದೆತ್ತಿದರೆ ಮೈ ಕೆಂಡ! ಇಡೀ ತಾಲೂಕಿನ ಜ್ವರ ಕಂಡುಹಿಡಿದವನಿಗೆ ತನ್ನ ಜ್ವರ ಗೊತ್ತಾಗಲಿಲ್ಲ. ಕೈಯೂ ಸುಡುತ್ತಿತ್ತು, ಕೆನ್ನೆಯೂ ಸುಡುತ್ತಿತ್ತು, ಯಾವುದರ ಬಿಸಿ ಯಾವುದಕ್ಕೆ ತಿಳಿಯಬೇಕು? ಜ್ವರದ ನೊರೆಯನ್ನು ಗೆಲುವು ಅಂದುಕೊಂಡು ಕೂತಿದ್ದ, ಪುಣ್ಯಾತ್ಮ. ಡಾಕ್ಟರನ್ನು ಕರೆಸಿದೆವು, ಔಷಧಿ ಆಯಿತು. ಅವನು ಮತ್ತೆ ಏಳಲಿಲ್ಲ.

ಕೊನೆಯ ದಿನ, ಹೆಗಲ ಮೇಲೆ ಎತ್ತುವ ಮೊದಲು, ಅತ್ತಿಗೆ ನನ್ನನ್ನು ಒಳಗೆ ಕರೆದು, "ಗಡ್ಡ ಬಿಟ್ಕಂಡು ಇವ್ರು ಯಾವತ್ತೂ ಹೊಸ್ತಿಲು ದಾಟಿದವ್ರಲ್ಲ. ಸುಬ್ಬಪ್ಪ, ನೀನೇ ಮಾಡು," ಎಂದರು.

ನಾನು ನನ್ನ ಪೆಟ್ಟಿಗೆ ಮುಟ್ಟಲಿಲ್ಲ. ಅವನ ಬ್ರಷ್ಷು, ಅವನ ಸೋಪು. ಹೋಗಲಿ, ಇವತ್ತೊಂದು ದಿನ ಅವನ ಹಟವೇ ನಡೆಯಲಿ ಅಂತ. ಕೆನ್ನೆಯ ಮೇಲೆ ಕೈ ಇಟ್ಟೆ — ಹೀಗೆ.

ಒದ್ದೆ ಮಾಡಿ ಸೋಪು ತಿಕ್ಕಿದೆ. ಬ್ರಷ್ಷು ತಿರುಗಿಸಿದೆ, ತಿರುಗಿಸಿದೆ, ಕೈ ಸೋತು ಹೋಗುವಷ್ಟು ತಿರುಗಿಸಿದೆ. ನೊರೆ ಏಳಲಿಲ್ಲ. ಸೋಪು ಬರೀ ಬಿಳಿ ಗೆರೆಯಾಗಿ ಕೆನ್ನೆಯ ಮೇಲೆ ಕೂತಿತು. ನೀರು ಹಿಡಿದು ನಿಂತಿದ್ದ ಅತ್ತಿಗೆ ಮೆಲ್ಲಗೆ, "ಬಟ್ಟಲು ತರ್ಲಾ?" ಎಂದರು. ಅಡುಗೆಮನೆಯಿಂದ ಹಿತ್ತಾಳೆ ಬಟ್ಟಲು ಬಂತು. ಅದರಲ್ಲಿ ನೊರೆ ಕೂಡಲೇ ಎದ್ದಿತು. ಅದರಲ್ಲೇ ಅವನ ಗಡ್ಡ ಮಾಡಿದೆ.

ಬಟ್ಟಲು ಗೆದ್ದಿತು ಅಂತ ಸಾಗರದವರು ಹೇಳಬಹುದು. ಇಲ್ಲ. ಗೆದ್ದವನು ಅವನೇ. ನೊರೆ ಏಳುವುದು ಮುಖದ ಬಿಸಿಗೆ ಎಂದು ಬಾಯಿ ಬಡಿದುಕೊಂಡಿದ್ದ. ಬಿಸಿ ಹೋಯಿತು, ನೊರೆ ಏಳಲಿಲ್ಲ. ಇದನ್ನು ನನಗೆ ತೋರಿಸಿಕೊಡಲು ಇವನು ಸಾಯಬೇಕಿತ್ತೇ? ಒಪ್ಪಿದೆ ಎಂದು ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ. ಬದುಕಿದ್ದಾಗ ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದವನು, ಆವತ್ತು ಸುಮ್ಮನೆ ಮಲಗಿದ್ದ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೆಚ್ಚು ಮಾತು ಬೇಡ. ದಯಮಾಡಿ ಎಲ್ಲರೂ ಎದ್ದು ನಿಲ್ಲಿ. ಹೊರಗೆ ಬಸ್ಸು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ, ಮಂಜಯ್ಯನವರೇ, ಇವತ್ತು ಓಡಬೇಡಿ. ಕೈ ಮುಗಿಯುವ ಮೊದಲು ಎಲ್ಲರೂ ಒಮ್ಮೆ ನಿಮ್ಮ ನಿಮ್ಮ ಕೆನ್ನೆಯ ಮೇಲೆ ಕೈ ಇಟ್ಟು ನೋಡಿಕೊಳ್ಳಿ — ಹೀಗೆ. ಬಿಸಿ ಇದೆಯಲ್ಲ? ಇನ್ನು ಮೇಲೆ ನೀವೇ ನೋಡಿಕೊಳ್ಳಬೇಕು. ನೋಡುತ್ತಿದ್ದವನು ಇಲ್ಲ.

ಮೌನವಾಗಿರೋಣ.