ಹಗ್ಗವಿಲ್ಲದೆ ನಿಂತ ದೋಣಿ

ನದಿದಂಡೆಯವರೆಲ್ಲ ಬೋಲ್ಟಣ್ಣ ಎಂದು ಕರೆಯುವ ನಾನು, ವಯಸ್ಸು ಐವತ್ತಾರು, ಕಸುಬು ದೋಣಿ ಮತ್ತು ನೀರೆತ್ತುವ ಪಂಪುಗಳ ರಿಪೇರಿ, ವಾಸ ಮೀನು ಹರಾಜು ಕಟ್ಟೆಯ ಹಿಂದಿನ ತಗಡಿನ ಶೆಡ್ಡು ಮತ್ತು ಅದರ ಮೇಲಿನ ಒಂಟಿ ಕೋಣೆ, ಠಾಣೆಯಲ್ಲಿ ಕೇಳಿದ ಮೇರೆಗೆ, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದು ಏನೆಂದರೆ:

ನೀರಿಗೆ ಬಿದ್ದವರು ನನ್ನ ತಂಗಿಯ ಗಂಡ. ವಯಸ್ಸಿನಲ್ಲಿ ನನಗಿಂತ ಐದು ವರ್ಷ ಹಿರಿಯರಾದ್ದರಿಂದ ಭಾವ ಎಂದೇ ಕರೆಯುತ್ತೇನೆ. ನಲವತ್ತು ವರ್ಷದಿಂದ ಈ ನದಿಯಲ್ಲಿ ಮೀನು ಹಿಡಿಯುತ್ತಿದ್ದಾರೆ. ನಮ್ಮ ದಂಡೆಯಲ್ಲಿ ದೋಣಿಯ ಹಿಂಬದಿಯಲ್ಲಿ ನಿಂತುಕೊಂಡೇ ಹುಟ್ಟು ಹಾಕುವುದು ರೂಢಿ. ಕೂತು ಹೋಗುವವರಿಗೆ ನಾವು ಸಾಮಾನು ಎನ್ನುತ್ತೇವೆ. ಇದು ಕೇಸಿಗೆ ಬೇಡ ಎಂದರು, ಇದನ್ನು ಬರೆದುಕೊಳ್ಳುತ್ತಿರುವ ಪೇದೆಯವರು. ಕೇಸಿರುವುದೇ ಇದರಲ್ಲಿ, ಬರೆಯಿರಿ ಎಂದೆ.

ಕಳೆದ ಚಳಿಗಾಲದಿಂದ ಭಾವನ ಬಲಭುಜ ಹಿಡಿದುಕೊಂಡು ತೋಳು ಮೇಲೇಳುತ್ತಿರಲಿಲ್ಲ. ಅಂಗಿಯ ಗುಂಡಿಯನ್ನು ತಂಗಿಯೇ ಹಾಕಬೇಕಾಗಿತ್ತು. ಯಾರಿಗೂ ಹೇಳಬೇಡ ಎಂದಿದ್ದರು, ಈಗ ಹೇಳುತ್ತಿದ್ದೇನೆ, ಬೈದರೆ ಬೈಯಲಿ. ಹುಟ್ಟು ಹಾಕಲಾಗದಿದ್ದರೆ ನದಿ ಬಿಡಬೇಕು, ನದಿ ಬಿಟ್ಟರೆ ಆ ಮನುಷ್ಯ ಉಳಿಯುವುದಿಲ್ಲ ಎಂದು ಹೆದರಿ ತಂಗಿ ಬ್ಯಾಟರಿಯಲ್ಲಿ ನಡೆಯುವ ಮೋಟಾರೊಂದನ್ನು ತರಿಸಿದಳು.

ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಅದನ್ನು ಕೂರಿಸಲು ಶುರು ಮಾಡಿದೆ. ದೋಣಿ ಹನ್ನೆರಡು ಅಡಿಯದು. ಅದರ ಮುಂದಿನ ಮೂತಿ ಚೂಪಾದ್ದರಿಂದ ಮೊದಲು ಒಂದು ಮರದ ತುಂಡು ಕೊರೆದು ಸಮ ಮಾಡಿ, ಅದರ ಮೇಲೆ ಮೋಟಾರಿನ ತಟ್ಟೆಯನ್ನು ನಾಲ್ಕು ಬೋಲ್ಟು ಹಾಕಿ ಬಿಗಿದೆ. ಮೋಟಾರು ಹದಿನಾರು ಕೆ.ಜಿ. ಇದ್ದು, ಮೂತಿ ತಗ್ಗಬಾರದೆಂದು ಇಪ್ಪತ್ನಾಲ್ಕು ಕೆ.ಜಿ.ಯ ಬ್ಯಾಟರಿಯನ್ನು ಹಿಂಬದಿಗೆ ಇಟ್ಟೆ. ತಂತಿಯನ್ನು ಒಳಮೈಗೆ ಅಂಟಿಸಿಕೊಂಡು ಎಳೆದು, ಬ್ಯಾಟರಿಯ ಪಕ್ಕ ಫ್ಯೂಸು ಹಾಕಿದೆ. ರೆಕ್ಕೆ ನೀರಿನಿಂದ ಒಂದು ಗೇಣು ಕೆಳಗಿರುವಂತೆ ಕಂಬಿಯನ್ನು ಇಳಿಸಿದೆ. ಕೆಲಸ ಮುಗಿದಾಗ ಮಧ್ಯಾಹ್ನ 1.20. ನನ್ನ ಕೆಲಸದಲ್ಲಿ ಒಂದು ಬೋಲ್ಟೂ ಸಡಿಲ ಇರಲಿಲ್ಲ. ಬೇಕಾದವರು ಬಂದು ಅಲ್ಲಾಡಿಸಿ ನೋಡಬಹುದು.

2 ಗಂಟೆಗೆ ಒಬ್ಬನೇ ನೀರಿಗಿಳಿಸಿ ಪರೀಕ್ಷೆ ಮಾಡಿದೆ. ಕೊರಳಿಗೆ ಹಾಕಿಕೊಳ್ಳುವ ರಿಮೋಟಿನಲ್ಲಿ ಲಂಗರಿನ ಚಿತ್ರವಿರುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೋಟಾರು ಉಪಗ್ರಹಗಳನ್ನು ಕೇಳಿ ತಾನಿರುವ ಜಾಗ ತಿಳಿದುಕೊಂಡು, ನೀರು ಎಳೆದಷ್ಟೂ ತಾನೇ ತಿರುಗಿ ದೋಣಿಯನ್ನು ಅಲ್ಲಿಗೇ ತರುತ್ತದೆ. ನಾನು ನಂಬಿರಲಿಲ್ಲ. ಒತ್ತಿದೆ. ದೋಣಿ ಜರುಗುತ್ತದೋ ಎಂದು ದಂಡೆಯ ದೀಪದ ಕಂಬಕ್ಕೂ ಅದರ ಹಿಂದಿನ ನೀರಿನ ಟ್ಯಾಂಕಿಗೂ ನೇರ ಹಿಡಿದು ಹತ್ತು ನಿಮಿಷ ಕಣ್ಣು ಕೀಳದೆ ನೋಡಿದೆ. ಕಲ್ಲಿಲ್ಲ, ಹಗ್ಗವಿಲ್ಲ, ಹರಿಯುವ ನೀರಿನ ನಡುವೆ ದೋಣಿ ಹಾಲು ಕರೆಯಲು ನಿಂತ ಹಸುವಿನ ಹಾಗೆ ನಿಂತಿತ್ತು. ಕೂರಿಸಿದ್ದು ನನ್ನ ಕೈಯೇ, ಆದರೂ ಮೈ ಜುಮ್ಮೆಂದಿತು. ಅಬ್ಬಾ ಎಂದು ಗಟ್ಟಿಯಾಗಿಯೇ ಅಂದೆ.

ಅದೇ ಹೊತ್ತಿಗೆ ಮೋಟಾರು ಹೇಳದೆ ಕೇಳದೆ ಒಮ್ಮೆ ಜೋರಾಗಿ ಮುಂದಕ್ಕೆ ಎಳೆದದ್ದರಿಂದ, ನಿಂತಿದ್ದ ನಾನು ಬ್ಯಾಟರಿಯ ಪೆಟ್ಟಿಗೆಯ ಮೇಲೆ ದೊಪ್ಪನೆ ಕುಕ್ಕರಿಸಿದೆ. ಸೊಂಟ ಈಗಲೂ ನೋಯುತ್ತಿದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬೇಕು.

ಸಂಜೆ 7 ಗಂಟೆಗೆ ತಂಗಿ ಶೆಡ್ಡಿಗೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಸಣ್ಣ ಅಕ್ಷರ ಬಿಡದೆ ಓದುವುದು ಅಭ್ಯಾಸ. ಮೋಟಾರಿನ ಪುಸ್ತಕದ ಹನ್ನೊಂದನೇ ಪುಟವನ್ನು ನನಗೆ ಓದಿ ಹೇಳಿದಳು. ಲಂಗರಿನ ಗುಂಡಿ ಒತ್ತಿದ ಮೇಲೆ ಮೋಟಾರು ಯಾವಾಗ ಬೇಕಾದರೂ ತಿರುಗಬಹುದು, ದೋಣಿಯಲ್ಲಿರುವವರು ಕೂತೇ ಇರಬೇಕು ಎಂದು ಅದರಲ್ಲಿತ್ತು. ನಾನು ಹೇಳಿದರೆ ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ, ನೀನೇ ಹೇಳು ಅಣ್ಣಾ ಎಂದಳು. ನಾನು ನೋಡಿಕೊಳ್ಳುತ್ತೇನೆ, ನೀನು ನಿಶ್ಚಿಂತೆಯಿಂದ ಹೋಗಿ ಮಲಗು ಎಂದೆ.

ಬುಧವಾರ ಬೆಳಿಗ್ಗೆ 5.30ಕ್ಕೆ ದೋಣಿಯನ್ನು ಭಾವನಿಗೆ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ, ಇದರ ಸದ್ದಿಗೆ ಮೀನು ಓಡುವುದಿಲ್ಲವೇ ಎಂದು. ಇಲ್ಲ ಎಂದೆ. ಗುಂಡಿಗಳನ್ನು ತೋರಿಸಿಕೊಟ್ಟೆ. ಆಮೇಲೆ ಕೂರುವ ವಿಷಯ ಎತ್ತಬೇಕೆನ್ನುವಷ್ಟರಲ್ಲಿ ಅವರು ದೋಣಿ ಹತ್ತಿ, ಕಾಲು ಅಗಲಿಸಿ, ತಮ್ಮ ಜಾಗದಲ್ಲಿ ನೆಟ್ಟಗೆ ನಿಂತರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಇತ್ತು. ನೀವಿನ್ನು ಸಾಮಾನು ಭಾವ, ಕೂತ್ಕೊಳ್ಳಿ ಎಂದು ಯಾವ ಬಾಯಿಂದ ಹೇಳಲಿ? ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹುಷಾರು ಎಂದಷ್ಟೇ ಅಂದೆ.

6.58ಕ್ಕೆ ತಂಗಿ ಫೋನ್ ಮಾಡಿದಳು. ದಿನದಂತೆ ಚಹಾ ಕೊಡಲು ದಂಡೆಗೆ ಬಂದಿದ್ದಳು. ದೋಣಿ ನಡುನೀರಿನಲ್ಲಿ ನಿಂತಿದೆ, ಒಳಗೆ ಯಾರೂ ಇಲ್ಲ ಎಂದಳು. ನಾನು ಚಪ್ಪಲಿ ಹಾಕದೆ ಓಡಿದೆ. ದೋಣಿ ದಂಡೆಯಿಂದ ಸುಮಾರು 140 ಮೀಟರ್ ದೂರದಲ್ಲಿತ್ತು. ಅಲ್ಲಿಂದ ಕೆಳಕ್ಕೆ 380 ಮೀಟರಿಗೆ ಅಡ್ಡಗಟ್ಟೆ, ನೀರು ಎರಡಾಳು ಆಳಕ್ಕೆ ಧುಮುಕುತ್ತದೆ. ಅಲ್ಲಿ ಬಿದ್ದವರು ಯಾರೂ ಎದ್ದು ಬಂದದ್ದಿಲ್ಲ.

ದಂಡೆಯಲ್ಲಿ ಆರೇಳು ಜನ ಸೇರಿದ್ದರು. ಯಾರೂ ಹಿಡಿಯದ ದೋಣಿ ಹರಿವಿಗೆ ಎದೆಕೊಟ್ಟು ನಿಂತಿತ್ತು, ನೀರು ಎರಡೂ ಕಡೆ ಸೀಳಿ ಹೋಗುತ್ತಿತ್ತು. ಮೀನು ಹರಾಜು ಕೂಗುವವನು ಆಗಲೇ ತನ್ನ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಅವನನ್ನೇ ಕರೆದುಕೊಂಡು ಅವನ ದೋಣಿಯಲ್ಲಿ ಹೋದೆ.

7.12ಕ್ಕೆ ತಲುಪಿದೆವು. ಭಾವ ಹಿಂಬದಿಯಲ್ಲಿ ನೀರಿನೊಳಗಿದ್ದರು. ಬಲೆಯ ಹಗ್ಗವನ್ನು ಎಡಗೈಗೆ ಮೂರು ಸುತ್ತು ಸುತ್ತಿಕೊಂಡು, ಗಲ್ಲವನ್ನು ದೋಣಿಯ ಅಂಚಿಗೆ ಕೊಟ್ಟಿದ್ದರು. ತುಟಿ ನೀಲಿಯಾಗಿತ್ತು, ಕಣ್ಣು ತೆರೆದಿತ್ತು. ಆ ಭಾರಕ್ಕೆ ದೋಣಿ ಒಂದು ಮೊಳ ಹಿಂದೆ ಹೋಗುವುದು, ಮೋಟಾರು ಗುಂಯ್ ಎಂದು ಒಂದು ಮೊಳ ಮುಂದೆ ತರುವುದು. ಸುಮ್ಮನಾಗುವುದು, ಮತ್ತೆ ತರುವುದು. ಬಿದ್ದದ್ದು 6.20ರ ಸುಮಾರಿಗಂತೆ. ಐವತ್ತೆರಡು ನಿಮಿಷ ಅದು ಹಾಗೆಯೇ ಮಾಡಿತ್ತು.

ಭಾವನನ್ನು ಮೇಲೆಳೆದು ದಂಡೆಗೆ ತಂದು ಆಂಬುಲೆನ್ಸಿಗೆ ಹತ್ತಿಸಿದೆವು. ಗಡಿಬಿಡಿಯಲ್ಲಿ ಲಂಗರಿನ ಗುಂಡಿ ಆರಿಸಿರಲಿಲ್ಲ. 8.05ಕ್ಕೆ ಭಾವನ ಕೊರಳಿನಿಂದ ತೆಗೆದುಕೊಂಡಿದ್ದ ರಿಮೋಟು ಹಿಡಿದು ನಾನು ಮರಳಿ ಹೋದಾಗಲೂ ಖಾಲಿ ದೋಣಿ ಅದೇ ಜಾಗದಲ್ಲಿ ನಿಂತಿತ್ತು. ಬ್ಯಾಟರಿಯ ನಾಲ್ಕು ದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿತ್ತು. ಸುಮ್ಮನೆ ಆರಿಸಲು ಮನಸ್ಸಾಗಲಿಲ್ಲ. ಸಿಕ್ಕಿದರು, ಸಾಕು ಬಿಡು ಎಂದು ಮೋಟಾರಿಗೆ ಹೇಳಿ ಆಮೇಲೆ ಒತ್ತಿದೆ. ಇದನ್ನು ಬರೆದುಕೊಳ್ಳುತ್ತಾ ಪೇದೆಯವರು ನಕ್ಕರು. ಅವರು ಅಲ್ಲಿರಲಿಲ್ಲ.

ಸಂಜೆ 4 ಗಂಟೆಗೆ ಆಸ್ಪತ್ರೆಯಲ್ಲಿ ಭಾವ ಹೇಳಿದ ಪ್ರಕಾರ, ಅವರು ಲಂಗರಿನ ಗುಂಡಿ ಒತ್ತಿ, ಎದ್ದುನಿಂತೇ ಬಲೆಯ ಹಗ್ಗ ಬಿಡುತ್ತಿದ್ದಾಗ ಮೋಟಾರು ಎಳೆದದ್ದರಿಂದ ಹಿಂದಕ್ಕೆ ಬಿದ್ದರು. ಅಡ್ಡಗಟ್ಟೆಯ ನೀರಿನ ಸದ್ದು ಕಿವಿಗೆ ಬಿತ್ತು. ದೋಣಿಯೂ ನಾನೂ ಒಟ್ಟಿಗೆ ಹೋಗುತ್ತೇವೆ ಎಂದುಕೊಂಡರು. ಆದರೆ ದೋಣಿಗೆ ಕಟ್ಟಿ ಕೈಯಲ್ಲಿ ಹಿಡಿದಿದ್ದ ಹಗ್ಗ ಬಿಗಿಯಾಯಿತು. ದೋಣಿ ಬರಲಿಲ್ಲ, ಇವರಿಗಾಗಿ ನಿಂತುಕೊಂಡಿತು. ಒಂದೇ ಕೈಯಲ್ಲಿ ಹಗ್ಗ ಎಳೆದುಕೊಳ್ಳುತ್ತಾ ಅದರ ಹತ್ತಿರ ಬಂದರು. ಎಲ್ಲಿ ಬಿಟ್ಟುಹೋಗುತ್ತದೋ ಎಂದು ಕೊರಳಿನ ರಿಮೋಟನ್ನು ಮುಟ್ಟಲೇ ಇಲ್ಲವಂತೆ.

ಅಣ್ಣ ಕೂರಿಸಿಕೊಟ್ಟ ಯಂತ್ರ ನನ್ನ ಗಂಡನನ್ನು ನದಿಗೆ ಕೆಡವಿತು ಎಂದು ನನ್ನ ತಂಗಿ ದೂರು ಕೊಟ್ಟಿರುವುದು ನಿಜ. ನಿನ್ನನ್ನು ನಂಬಿ ಮಲಗಿದೆ ಎಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ನನಗೂ ಹೇಳಿದಳು. ಮೋಟಾರಿನಲ್ಲಿ ದೋಷವಿತ್ತೆಂದು ಬರೆಯಲೇ ಎಂದು ಪೇದೆಯವರು ಕೇಳಿದರು. ಬೇಡ ಎಂದೆ. ಭಾವನ ಅಜಾಗರೂಕತೆ ಎಂದು ಬರೆಯಲೇ ಎಂದರು. ಹಾಗೆ ಬರೆದರೆ ಸಹಿ ಹಾಕುವುದಿಲ್ಲ ಎಂದೆ. ಕೆಡವಿದ್ದೂ ಅದೇ ಮೋಟಾರು, ಕಾದದ್ದೂ ಅದೇ ಮೋಟಾರು. ಹೇಳಬೇಕಾದ ಒಂದು ಮಾತನ್ನು ಹೇಳದವನು ನಾನು. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬರೆಯಿರಿ ಸ್ವಾಮಿ ಎಂದೆ.

ಈಗ ಜಪ್ತಿಯಾದ ಆ ಮೋಟಾರು ಇದೇ ಮೇಜಿನ ಕೆಳಗೆ ಗೋಣಿಚೀಲ ಸುತ್ತಿಕೊಂಡು ಬಿದ್ದಿದೆ. ನನ್ನ ಮೇಲೆ ಏನು ಕ್ರಮವಾದರೂ ಆಗಲಿ, ಅದನ್ನು ಬಿಟ್ಟುಕೊಡಬೇಕೆಂದು ಕೋರುತ್ತೇನೆ. ಕಾರಣ, ಇಂದು ಬೆಳಿಗ್ಗೆ 10 ಗಂಟೆಗೆ ಭಾವ ನನ್ನನ್ನು ಹಾಸಿಗೆಯ ಹತ್ತಿರ ಕರೆದು, ಅದನ್ನು ಬಿಡಿಸಿಕೊಂಡು ಬಾ, ಇನ್ನು ಮೇಲೆ ಸಾಮಾನಿನ ಹಾಗೆ ಕೂತೇ ಹೋಗುತ್ತೇನೆ ಎಂದರು. ತಂಗಿ ಪಕ್ಕದಲ್ಲೇ ಇದ್ದಳು. ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಗಂಡನ ಅಂಗಿಯ ಗುಂಡಿ ಹಾಕುತ್ತಾ, ನನ್ನ ಕಡೆ ತಿರುಗದೆ, ಕೂರಲು ಒಂದು ಹಲಗೆ ಹೊಡೆದುಕೊಡುವುದಕ್ಕೆ ನಿಮ್ಮ ಭಾವಮೈದನಿಗೆ ಹೇಳಿ ಎಂದು ಅವರಿಗೆ ಹೇಳಿದಳು. ಹಲಗೆಯನ್ನು ಅಳತೆ ಮಾಡಿ ಕೊಯ್ದಿಟ್ಟು ಠಾಣೆಗೆ ಬಂದಿದ್ದೇನೆ.

ಮೇಲಿನದೆಲ್ಲ ನಾನೇ ಹೇಳಿದ್ದು, ಓದಿಸಿ ಕೇಳಿದ್ದೇನೆ, ನಾನು ಕಂಡದ್ದರಲ್ಲಿ ಕೂಡಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ.

ಸ್ಥಳ: ನದಿ ಠಾಣೆ
ದಿನ: 14ನೇ ತಾರೀಕು, ಗುರುವಾರ, ಮಧ್ಯಾಹ್ನ 3.40
ಸಹಿ: ಬೋಲ್ಟಣ್ಣ