ಗುಡಿಯ ಗೋಡೆಯ ಸುದ್ದಿ

ಒಂದೂರಿತ್ತಂತೆ. ಅಲ್ಲಿ ಎಮ್ಮೆ ಕಳೆದರೂ ಡಂಗುರ ಹೊಡೆಯುತ್ತಿದ್ದರು. ಜಾಣ ಮಕ್ಕಳನ್ನು ಆರಿಸಿಕೊಳ್ಳುವ ಸರಕಾರಿ ವಸತಿ ಶಾಲೆಯ ಪರೀಕ್ಷೆಗೆ ಮಾತ್ರ ಹೊಡೆಯುತ್ತಿರಲಿಲ್ಲ. ಈ ವರ್ಷ ಹೊಡೆಸಿಯೇ ತೀರುತ್ತೇನೆಂದು ಡಂಗುರದವನ ಹೆಂಡತಿ ಅಂಬುಬಾಯಿ ಮಗಳಿಗೆ ಮಾತು ಕೊಟ್ಟಿದ್ದಳು. ಡಂಗುರದ ಹಲಗೆಗೆ ಹೊಸ ಚರ್ಮ ಕಟ್ಟಿಸಿಕೊಂಡು ಆಳಂದದ ಬಸ್ ನಿಲ್ದಾಣದಲ್ಲಿ ನಿಂತಾಗ, ಊರ ಕುಲಕರ್ಣಿ ಮನೆಯ ಲೀಲಾಬಾಯಿ ಮಾತಿಗೆಳೆದರು. ಬಸ್ಸಿಗೆ ಕಾದಿದ್ದವರಿಗೆಲ್ಲ ಕೇಳುತ್ತಿತ್ತು.

“ಆ ಸರಕಾರಿ ವಸತಿ ಸಾಲಿಗೆ ನಿಮ್ಮ ಓಣ್ಯಾಗಿಂದ ಒಬ್ರೂ ಹೋಗಿಲ್ಲಲ್ಲ, ಅಂಬು?”

“ಸುದ್ದೀನ ಬರಲಿಲ್ರಿ, ಬಾಯಾರ.”

“ಪ್ರತಿ ವರ್ಷ ಪರೀಕ್ಷಾದ ನೋಟೀಸು ಗುಡಿ ಒಳಗಿನ ಗ್ವಾಡಿಗೆ ಹಚ್ಚತಾರಲ್ಲ?”

“ಗುಡಿ ಒಳಗ ನಮ್ಮನ್ನ ಯಾವಾಗ ಬಿಟ್ಟೀರಿ?”

ಲೀಲಾಬಾಯಿ ಸೆರಗು ಸರಿಮಾಡಿಕೊಂಡರು.

“ಮತ್ತ ಈಗ ಯಾರು ಹೇಳಿದ್ರು?”

“ನಿಮ್ಮ ಮೊಮ್ಮಗ ಹರೀನ ನನ್ನ ಮಗಳಿಗೆ ಹೇಳ್ಯಾನ್ರಿ.”

“ಹುಚ್ಚಮುಂಡೇದು! ಎಲ್ಲಾರೂ ಪರೀಕ್ಷಾ ಬರದ್ರ ಅವಗ ಸೀಟ್ ಹೆಂಗ ಸಿಗತದ ಬೇ?”

“ಓದಿದ್ರ ಸಿಗತದ್ರಿ. ನನ್ನ ಮಗಳೂ ಓದಾಕತ್ಯಾಳ.”

ಬಸ್ಸು ಅವರ ಊರಿಗೆ ಬಂದಾಗ ಗಂಡ ಮಹಾದೇವಪ್ಪ ಕಾದು ನಿಂತಿದ್ದ. ಅಂಬುಬಾಯಿ ಇಳಿದವಳೇ ಹಲಗೆ ಅವನ ಕೈಗಿಟ್ಟಳು.

“ಎಲ್ಲಿಂದ ಸುರು ಮಾಡ್ಲಿ?”

“ಇಲ್ಲಿಂದನ ಹೊಡಿ. ಬಾಯಾರಿಗೂ ಕೇಳ್ಲಿ.”

ಇಬ್ಬರೂ ಓಣಿಯ ಕಡೆ ನಡೆದರು. ಊರೊಳಗಿನ ಮುಂದಿನ ನಿಲ್ದಾಣದಲ್ಲಿ ಇಳಿಯಬೇಕಿದ್ದ ಲೀಲಾಬಾಯಿ ಬಸ್ಸಿನಲ್ಲೇ ಕುಳಿತಿದ್ದರು; ಬಸ್ಸು ಹೊರಟರೂ ದನಿ ಅವರ ಕಿಟಕಿಯೊಳಗೆ ಬರುತ್ತಿತ್ತು:

“ಕೇಳ್ರಪ್ಪೋ ಕೇಳ್ರಿ! ದೊಡ್ಡ ಸಾಲಿ ಪರೀಕ್ಷಾ ಬಂದದ! ಎಲ್ಲಾ ಓಣಿ ಮಕ್ಕಳೂ ಬರೀಬಹುದೋ!”