ಮಾಸ್ತಿ ನಾಯ್ಕರ ಬಿಲ್ಲೆ

ಸಿದ್ದಾಪುರದಲ್ಲಿ ವಿಘ್ನೇಶ್ವರ ಭಟ್ರು ಅಂತ ಇದ್ದಾರೆ. ಈಗಲೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ದಾರೆ. ನಮ್ಮ ಚಿಕ್ಕಮ್ಮನ ಮಗಳು ಅಭಿಜ್ಞಾ ಇದ್ದಾಳಲ್ಲ, ಅವಳ ಪಕ್ಕದ ಮನೆ. ವಾಯುಪಡೆಯಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದವರು. ಸುಳ್ಳು ಕಟ್ಟಿ ಹೇಳೋ ಪೈಕಿ ಅಲ್ಲ. ಕಟ್ಟೋಕೆ ಬಂದಿದ್ರೆ ಇದನ್ನ ಇನ್ನೂ ಚಂದ ಮಾಡಿ ಹೇಳ್ತಿದ್ರು.

ಹೋದ ವರ್ಷದ ಅಕ್ಟೋಬರ್. ಸಂಘದ ಕೋಣೆಗೆ ಬೀಗ ಹಾಕಿ ಭಟ್ರು ಮನೆ ಕಡೆ ಹೊರಟಾಗ ಪೇಟೆ ಮಲಗಿತ್ತು. ಬೀದಿದೀಪ ಮುಗಿದ ಮೇಲೆ ಗದ್ದೆ ಬದಿಯ ಕಾಲುದಾರಿ. ದಾರಿ ಮೇಲೆ ಒಂದು ಗೋಳಿಮರ, ಮರದ ಬುಡದಲ್ಲಿ ಬಾವಿ. ಮೊಬೈಲಿನ ಬೆಳಕು ಕಾಲ ಮುಂದೆ ಬಿಟ್ಕೊಂಡು ಬರ್ತಾ ಇದ್ರು.

ಬಾವಿ ಹತ್ರ ಬಂದಾಗ ಕೇಳಿಸ್ತು...

ಕಿಣ್.

ನಿಂತ್ರು. ಮತ್ತೆ, ಸ್ವಲ್ಪ ತಡೆದು... ಕಿಣ್.

ಕೊಡಪಾನದ ಸದ್ದಲ್ಲ. ದನದ ಕೊರಳ ಗಂಟೆಯೂ ಅಲ್ಲ. ಹಿತ್ತಾಳೆ ಬಿಲ್ಲೆಯನ್ನ ಕಬ್ಬಿಣದ ಮೊಳೆಗೆ ತೂಗಿಸಿದಾಗ ಬರುತ್ತಲ್ಲ, ಅದು. ಆ ಸದ್ದನ್ನ ಭಟ್ರು ನಿದ್ದೆಗಣ್ಣಲ್ಲೂ ಗುರುತು ಹಿಡೀತಾರೆ. ಹಾಗಾಗೇ ಅವರು ಅಲ್ಲಿಂದ ಕದಲಲಿಲ್ಲ.

ಈ ಬಿಲ್ಲೆ ಎಂತದು ಅಂತ ಮೊದಲೇ ಹೇಳ್ಬಿಡ್ತೇನೆ, ಇಲ್ಲಾಂದ್ರೆ ನೀವು ನಡುವೆ ಬಾಯಿ ಹಾಕ್ತೀರಿ.

ವಾಯುಪಡೆಯಿಂದ ನಿವೃತ್ತರಾದವರದ್ದು ಅಲ್ಲೊಂದು ಸಂಘ ಉಂಟು. ಅಕ್ಕಿ ಗಿರಣಿಯ ಹಿಂದೆ ಒಂದು ಕೋಣೆ, ಪಕ್ಕದಲ್ಲಿ ಒಂದು ಶೆಡ್ಡು, ಶೆಡ್ಡಿನಲ್ಲೊಂದು ಹಳೆ ವ್ಯಾನು. ತಿಂಗಳಿಗೊಮ್ಮೆ ಸಭೆ. ಸಭೆಯಲ್ಲಿ ಪೆನ್ಶನ್ ಸುದ್ದಿ, ಯಾರಿಗೆ ಶುಗರ್ ಬಂತು ಅನ್ನೋ ಸುದ್ದಿ, ಚಾ. ಅಧ್ಯಕ್ಷ ಉಲ್ಲಾಸ ಅವರು ವಾರಂಟ್ ಆಫೀಸರ್ ಆಗಿದ್ದವರು, ಚಾ ತಡವಾದ್ರೂ ಹಿಂದಿಯಲ್ಲೇ ಗದರಿಸೋದು. ಬರೀ ಮಾತಲ್ಲ, ಕೆಲಸವೂ ಮಾಡ್ತಾರೆ. ಸೈನಿಕರ ವಿಧವೆಯರ ಮನೆಯ ಪಂಪು, ಮಿಕ್ಸಿ, ಗಾಲಿಕುರ್ಚಿ, ಎಲ್ಲ ಬಿಟ್ಟಿ ರಿಪೇರಿ. ಅದಕ್ಕೆ ಬೇಕಾದ ನಟ್ಟು ಬಿಚ್ಚೋ ಪಾನಾ, ಇಕ್ಕಳ, ಸ್ಕ್ರೂಡ್ರೈವರುಗಳು ಗೋಡೆಯ ಹಲಗೆ ಮೇಲೆ ತೂಗ್ತಾವೆ. ಪ್ರತಿಯೊಂದರ ಹಿಂದೂ ಅದರದೇ ಆಕಾರವನ್ನ ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ನೀವು ಪಾನಾ ತೆಗೆದ್ರೆ ಆ ಮೊಳೆಗೆ ನಿಮ್ಮ ನಂಬರಿನ ಬಿಲ್ಲೆ ಹಾಕಬೇಕು. ವಾಪಸ್ ಇಟ್ಟ ಮೇಲೇ ಬಿಲ್ಲೆ ತೆಗೆಯೋದು. ಬಿಲ್ಲೆ ತೂಗ್ತಾ ಇದೆ ಅಂದ್ರೆ ಸಾಮಾನು ಹೊರಗಿದೆ, ಇಂಥವನ ಹತ್ರ ಇದೆ ಅಂತ ಅರ್ಥ. ವಿಮಾನದ ಹೊಟ್ಟೆಯಲ್ಲಿ ಒಂದು ಪಾನಾ ಮರೆತ್ರೆ ಏನಾಗ್ತದೆ, ಯೋಚನೆ ಮಾಡಿ. ಹಲಗೆ ತುಂಬದೆ ಅವರು ವಿಮಾನ ಬಿಡ್ತಿರಲಿಲ್ಲ.

ಇದನ್ನೆಲ್ಲ ಸಂಘಕ್ಕೆ ತಂದವರು ಮಾಸ್ತಿ ನಾಯ್ಕರು. ಎಂಜಿನ್ ಫಿಟ್ಟರ್. ಭಟ್ರಿಗೆ ಜೀವದ ಗೆಳೆಯ. ಇಬ್ಬರೂ ಒಂದೇ ಬಸ್ಸಿನಲ್ಲಿ ಊರು ಬಿಟ್ಟು ಸೇನೆಗೆ ಸೇರಿದವರು. ಆಗಸ್ಟ್ ತಿಂಗಳ ಒಂದು ಸಂಜೆ ಮಾಸ್ತಿ ವ್ಯಾನಿನ ಅಡಿಯಿಂದ ಎದ್ದು ಬಂದು, "ಯಾಕೋ ಎದೆ ಹಿಡಿದಾಂಗೆ ಆಗ್ತದೆ ಭಟ್ರೇ. ಮನೆಗೆ ಹೋಗಿ ಕಷಾಯ ಕುಡ್ಕಂಡು ಬರ್ತೆ," ಅಂದ್ರಂತೆ. ಬರಲಿಲ್ಲ. ಇದೇ ಗೋಳಿಮರದ ಬಾವಿಕಟ್ಟೆ ಹತ್ರ ಬಿದ್ದಿದ್ರು.

ಮರುದಿನ ದಹನ ಮುಗಿಸಿ ಭಟ್ರು ಸಂಘಕ್ಕೆ ಬಂದು ನೋಡ್ತಾರೆ, ಹಲಗೆ ಮೇಲೆ ಮಾಸ್ತಿಯ ಬಿಲ್ಲೆ ತೂಗ್ತಾ ಇದೆ. ಹಿಂದೆ ಹದಿನಾಲ್ಕನೇ ನಂಬರಿನ ಪಾನಾದ ಖಾಲಿ ಜಾಗ. ಭಟ್ರಿಗೆ ದುಃಖ ಉಕ್ಕಿ ಬಂತು. ಬಿಲ್ಲೆ ತೆಗೆದು, ಒರೆಸಿ, ಮಾಸ್ತಿಯ ಹೆಂಡತಿ ದುರ್ಗಿಯ ಕೈಗೆ ಕೊಟ್ರು. ಪಾನಾ ಅವರ ಕಿಸೆಯಲ್ಲೇ ಹೋಗಿರಬೇಕು ಅಂದ್ಕೊಂಡ್ರು. ಆ ಬಿಳಿ ಗುರುತು ಹಾಗೇ ಬೋಳಾಗಿ ಕಾಣೋದನ್ನ ನೋಡೋಕಾಗದೆ, ಪೇಟೆಯಿಂದ ಹೊಸ ಪಾನಾ ತಂದು ತೂಗಿಸಿದ್ರು. ಹಲಗೆ ತುಂಬ್ತು. ಎಲ್ಲರೂ ಒಳ್ಳೇದು ಮಾಡಿದ್ರಿ ಅಂದ್ರು. ಒಬ್ಬರಿಗೂ ಹೊಳೀಲಿಲ್ಲ ನೋಡಿ. ಅಷ್ಟು ವರ್ಷ ನೌಕರಿ ಮಾಡಿದವರಿಗೆ, ಒಬ್ಬರಿಗೂ.

ಅದಾದ ಮೇಲೆ ವ್ಯಾನು ಶೆಡ್ಡು ಬಿಟ್ಟು ಕದಲಿರಲಿಲ್ಲ. ಈಗ ವಾಯುಪಡೆ ದಿನಾಚರಣೆಗೆ ಅಂತ ವಿಧವೆಯರನ್ನೆಲ್ಲ ಘಟ್ಟ ಇಳಿಸಿ ಕಾರವಾರಕ್ಕೆ, ಕಣ್ಣಿನ ಪರೀಕ್ಷೆಗೆ ಕರ್ಕೊಂಡು ಹೋಗೋದು ಅಂತ ಸಂಘ ಗೊತ್ತುಮಾಡಿತ್ತು. ಓಡಿಸೋದು ಭಟ್ರು. ಮುಂದಿನ ಸೀಟಿನಲ್ಲಿ ದುರ್ಗಿ. ಮರುದಿನ ಬೆಳಗ್ಗೆಯೇ ಹೊರಡೋದು. ಭಟ್ರು ಅವತ್ತು ರಾತ್ರಿ ಎಂಜಿನ್ ಶುರು ಮಾಡಿ ನೋಡಿದ್ರು, ಗಾಳಿ ನೋಡಿದ್ರು, ಕೊನೆಗೆ ಹಲಗೆ ನೋಡಿದ್ರು. ತುಂಬಿತ್ತು. ಬೀಗ ಹಾಕಿದ್ರು.

ಹಾಂ... ಈಗ ಬಾವಿ ಹತ್ರ ಬನ್ನಿ.

ಕಿಣ್.

ಭಟ್ರು ಬೆಳಕು ಎತ್ತಿ ಹಿಡಿದ್ರು. ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದಾರೆ, ಬೆನ್ನು ಈ ಕಡೆ. ಕೈಯಲ್ಲಿ ಒಂದು ಚಿಂದಿ. ಬೆರಳು ಒರೆಸ್ತಾ ಇದ್ದಾರೆ. ಒಂದೊಂದೇ ಬೆರಳು... ನಿಧಾನ... ಉಗುರಿನ ಸಂದಿ ಸಮೇತ. ಕೆಲಸ ಮುಗಿಸಿದ ಮೇಲೆ ಹಾಗೆ ಒರೆಸ್ಕೊಳ್ತಿದ್ದದ್ದು ಇಡೀ ಸಂಘದಲ್ಲಿ ಒಬ್ಬರೇ. ಸೀಮೆಎಣ್ಣೆ ವಾಸನೆ ಮೂಗಿಗೆ ಬಂತು.

ಭಟ್ರು ಒಂದು ಹೆಜ್ಜೆ ಮುಂದಿಟ್ರು. ಹೆಂಗೋ ಮಾಡಿ, "ಮಾಸ್ತಿ..." ಅಂದ್ರು.

"ನನ್ನ ಬಿಲ್ಲೆ ಎಲ್ಲಿ ಭಟ್ರೇ?"

ಪಿಸುಮಾತು. ಬಾವಿಯ ಒಳಗಿಂದ ಬಂದಷ್ಟು ತಂಪು.

"ದುರ್ಗಕ್ಕನ ಹತ್ರ ಕೊಟ್ಟಿದ್ದೆ..."

"ಎಂತಕ್ಕೆ ತೆಗೆದ್ರಿ?" ಒರೆಸೋದು ನಿಲ್ತು. "ನಾ ಇನ್ನೂ ಸಾಮಾನು ವಾಪಸ್ ಇಟ್ಟಿಲ್ಲ ಅಲ್ದಾ..."

ಅಷ್ಟೇ. ಭಟ್ರು ಕಣ್ಣು ಪಿಳುಕಿಸಿದ್ರು, ಕಟ್ಟೆ ಖಾಲಿ. ಗೋಳಿಯ ಒಣಗಿದ ಎಲೆ ಒಂದು ಚರ್ರ್ ಅಂತ ಕಲ್ಲಿನ ಮೇಲೆ ಜಾರ್ತು.

ನೀವಾಗಿದ್ರೆ ಮನೆಗೆ ಓಡಿ ಕಂಬಳಿ ಹೊದ್ಕೊಂಡು ಮಲಗ್ತಿದ್ರಿ. ನಾನೂ ಅಷ್ಟೇ. ಆದ್ರೆ ಭಟ್ರಿಗೆ ಆಗ ಹತ್ತಿದ್ದು ದೆವ್ವದ ಹೆದರಿಕೆ ಅಲ್ಲ, ಬೇರೆ ಹೆದರಿಕೆ. ಸಾಮಾನು ವಾಪಸ್ ಬಂದಿಲ್ಲ. ಹಾಗಾದ್ರೆ ಅದು ಎಲ್ಲಿದೆ? ಮಾಸ್ತಿ ಕೊನೆಗೆ ಕೈ ಹಾಕಿದ್ದು ಯಾವುದಕ್ಕೆ? ಬೆಳಗಾದ್ರೆ ಆ ವ್ಯಾನಿನಲ್ಲಿ ಘಾಟಿ ಇಳಿಯೋದು ಯಾರು?

ಕೈಯಲ್ಲಿದ್ದ ಫೋನು ಗುಂಯ್ ಅಂತ ನಡುಗ್ತು. ಹೆಂಡತಿ ಸೀತಮ್ಮ. "ಎಲ್ಲಿದ್ರಿ? ಊಟ ಆರ್ತಾ ಇದ್ದು."

"ಆನು ಬತ್ತೆ. ನೀ ಉಂಡು ಮಲಗು," ಅಂದು ಫೋನ್ ಇಟ್ರು.

ಮಾಸ್ತಿಯ ಮನೆ ಬಾವಿಯಿಂದ ಕೂಗಳತೆ. ದೀಪ ಉರೀತಾ ಇತ್ತು. ಬಾಗಿಲು ಬಡಿಯೋ ಮೊದಲೇ ದುರ್ಗಿ ತೆಗೆದ್ಲು.

"ನಿಮಗೂ ಕೇಳ್ತಾ ಭಟ್ರೇ?" ಅಂದ್ಲು, ಮೆಲ್ಲಗೆ.

ಒಳಗೆ ಗೋಡೆ ಮೇಲೆ ಮಾಸ್ತಿಯ ಫೋಟೋ, ಸಮವಸ್ತ್ರದಲ್ಲಿ. ಫೋಟೋದ ಕೆಳಗೆ ಕೆಂಪು ದಾರ. ಬಿಲ್ಲೆಯ ತೂತಿನಲ್ಲಿ ಆ ದಾರ ಪೋಣಿಸಿ, ಗಂಟಿನ ಮೇಲೆ ಗಂಟು ಹಾಕಿ ಬಿಗಿದಿದ್ಲು ದುರ್ಗಿ. ಬಿಲ್ಲೆ ಅಲ್ಲೇ ಇತ್ತು. ಭಟ್ರು ಕಣ್ಣಾರೆ ನೋಡಿದ್ದಾರೆ, ನೆನಪಿಟ್ಕೊಳ್ಳಿ.

"ದಿನಾ ರಾತ್ರಿ ಗೋಡೆಗೆ ಬಡೀತದೆ," ಅಂದ್ಲು ದುರ್ಗಿ. "ಗಾಳಿ ಇಲ್ಲದಿದ್ರೂ. ಯಾರಿಗೆ ಹೇಳೂದು? ಹೇಳಿದ್ರೆ ದೆವ್ವ ಬಿಡಿಸೂಕೆ ಅಂತ ಯಾರನ್ನಾದ್ರೂ ಕರೀತಾರೆ. ನಂಗೆ ಬಿಡಿಸೂದು ಬ್ಯಾಡಾಗಿತ್ತು. ಅವ್ರು ಮನೇಲಿದ್ದಾಂಗೆ ಇರ್ತಿತ್ತು."

ಭಟ್ರು ನಡೆದದ್ದು ಹೇಳಿದ್ರು. ಅವಳು ಅಳಲಿಲ್ಲ, ಕೂಗಲಿಲ್ಲ. ಟಾರ್ಚ್ ತಗೊಂಡು, "ನಡೀರಿ, ನಾ ಬೆಳಕು ಹಿಡೀತೆ," ಅಂದ್ಲು.

ಬಾವಿ ದಾಟುವಾಗ ಇಬ್ಬರೂ ಆ ಕಡೆ ನೋಡಲಿಲ್ಲ.

ಶೆಡ್ಡಿನಲ್ಲಿ ಭಟ್ರು ವ್ಯಾನಿನ ಅಡಿಗೆ ಅಂಗಾತ ತೂರಿದ್ರು. ಎಂಜಿನ್ ಹತ್ರ ಇಲ್ಲ. ಗೇರ್ ಹತ್ರ ಇಲ್ಲ. ಚಕ್ರದ ಸಂದಿಗಳಲ್ಲೆಲ್ಲ ಕೈಯಾಡಿಸಿದ್ರು, ಇಲ್ಲ. ಸುಮ್ಮನೆ ಭ್ರಮೆ ಇರಬೇಕು, ಮನೆಗೆ ಹೋಗೋಣ ಅಂತ ಹೊರಳಿದ್ರು. ಆಗ... ತಲೆಯ ಮೇಲೆ, ಕತ್ತಲಲ್ಲಿ...

ಟಕ್. ಟಕ್.

ಯಾರೋ ಬೆರಳ ಗೆಣ್ಣಿನಿಂದ ತಟ್ಟಿದ ಸದ್ದು. "ಇಲ್ಲಿ" ಅಂದಷ್ಟೇ ಸಲೀಸಾಗಿ.

"ಇನ್ನೂ ಮೇಲೆ ಹಿಡಿ ದುರ್ಗಕ್ಕ," ಅಂದ್ರು ಭಟ್ರು.

ಸ್ಟೇರಿಂಗ್ ರಾಡಿನ ಬೆನ್ನಿಗೆ, ಅಡ್ಡಪಟ್ಟಿಯ ಸಂದಿಯಲ್ಲಿ, ಹದಿನಾಲ್ಕರ ಪಾನಾ ಮಲಗಿತ್ತು. ನೇರ ದಾರೀಲಿ ಏನೂ ಆಗ್ತಿರಲಿಲ್ಲ. ಪೂರ್ತಿ ತಿರುಗಿಸಿದ್ರೆ ರಾಡು ಅಲ್ಲೇ ಕಚ್ಕೊಳ್ತಿತ್ತು. ಪೂರ್ತಿ ತಿರುಗಿಸೋದು ಎಲ್ಲಿ? ಘಾಟಿಯ ತಿರುವಿನಲ್ಲಿ. ಒಂದು ಕಡೆ ಗುಡ್ಡದ ಧರೆ, ಇನ್ನೊಂದು ಕಡೆ ಎಂತದೂ ಇಲ್ಲ. ಭಟ್ರು ಅಲ್ಲೇ ಮಲಗಿ ಅತ್ತುಬಿಟ್ರು. ಪ್ರೀತಿಯಿಂದ ಬಿಲ್ಲೆ ತೆಗೆದು ಹಲಗೆ ತುಂಬಿಸಿದ್ದು ಏಳೆಂಟು ಜೀವ ತೆಗೀತಿತ್ತಲ್ಲ ಅಂತ.

ಪಾನಾ ಹಿಡ್ಕೊಂಡು ಕೋಣೆಗೆ ಬಂದ್ರು. ಬೀಗ ಹಾಕಿದ್ದು ಹಾಕಿದ ಹಾಗೇ. ತೆಗೆದು ದೀಪ ಹಾಕಿದ್ರೆ, ಹೊಸ ಪಾನಾ ನೆಲದ ಮೇಲೆ ಬಿದ್ದಿತ್ತು. ಹಲಗೆ ಮೇಲೆ, ಹದಿನಾಲ್ಕರ ಮೊಳೆಗೆ... ಮಾಸ್ತಿಯ ಬಿಲ್ಲೆ. ಇನ್ನೂ ಸಣ್ಣಗೆ ತೂಗಾಡ್ತಾ ಇತ್ತು.

ದುರ್ಗಿ ನೋಡಿದ್ಲು. ಭಟ್ರೂ ನೋಡಿದ್ರು.

ನಿಯಮ ನಿಯಮವೇ. ಭಟ್ರು ಹಳೆ ಪಾನಾ ಒರೆಸಿ ಅದರ ಜಾಗಕ್ಕೆ ತೂಗಿಸಿದ್ರು, ಆಮೇಲೇ ಬಿಲ್ಲೆ ತೆಗೆದ್ರು. ಮೊದಲಿನ ಹಾಗೆ ಅಟೆನ್ಶನ್‌ನಲ್ಲಿ ನಿಂತ್ರು. "ಹಲಗೆ ತುಂಬ್ತು ಮಾಸ್ತಿ," ಅಂದ್ರು. ಕೋಣೆ ತುಂಬಿದ್ದ ಸೀಮೆಎಣ್ಣೆ ವಾಸನೆ ಬಾಗಿಲಿನಿಂದ ಹೊರಗೆ ಹೋದ ಹಾಗೆ ಕಡಿಮೆಯಾಯ್ತು.

ಬಿಲ್ಲೆಯನ್ನ ದುರ್ಗಿಯ ಕೈಯಲ್ಲಿಟ್ರು. ಅವಳು ಅದನ್ನ ಸೆರಗಿನ ತುದಿಗೆ ಕಟ್ಕೊಂಡ್ಲು. "ಇನ್ನು ರಾತ್ರಿ ಸದ್ದು ಆಗೂದಿಲ್ಲ ಅಲ್ದಾ ಭಟ್ರೇ?" ಅಂದ್ಲು. ಭಟ್ರು ತಲೆ ತಗ್ಗಿಸಿದ್ರು. ಆಗ ಅತ್ಲು ಅವಳು, ಎರಡು ತಿಂಗಳಿಂದ ತಡೆದಿಟ್ಟದ್ದನ್ನೆಲ್ಲ.

ಮರುದಿನ ವ್ಯಾನು ಘಾಟಿ ಇಳೀತು. ಮೊದಲನೇ ತಿರುವಿನಲ್ಲಿ ಭಟ್ರು ಪೂರ್ತಿ ತಿರುಗಿಸಿದ್ರಂತೆ. ಸ್ಟೇರಿಂಗ್ ಬೆಣ್ಣೆಯ ಹಾಗೆ ತಿರುಗ್ತು. ದುರ್ಗಿಯ ಮನೆಯಲ್ಲಿ ಆಮೇಲೆ ಒಂದು ರಾತ್ರಿಯೂ ಸದ್ದಾಗಿಲ್ಲ.

ನಗಬೇಡಿ. ನಾನೇ ಹೋಗಿ ನೋಡಿ ಬಂದಿದ್ದೇನೆ, ಅಭಿಜ್ಞಾ ಜೊತೆಗಿದ್ಲು. ಫೋಟೋದ ಕೆಳಗೆ ಆ ಕೆಂಪು ದಾರ ಹಾಗೇ ಇದೆ. ಎಲ್ಲೂ ಕಡಿದಿಲ್ಲ. ಗಂಟಿನ ಮೇಲೆ ಗಂಟು, ಅದರ ಮೇಲೆ ಧೂಳು ಕೂತಿದೆ... ಯಾರೂ ಬಿಚ್ಚಿಲ್ಲ.